ಚಾಲ್ಕೋಜನೈಡ್ ಲೆನ್ಸ್ ಕೊಳ್ಳುವವರು ಓದಲೇಬೇಕು: ಸಂಯೋಜನೆ ಬರೆಯದ ಬಿಲ್ಲಿಗೆ ಹಣ ಕೊಡಬೇಡಿ

ಥರ್ಮಲ್ ಕ್ಯಾಮೆರಾಕ್ಕೆ ಲೆನ್ಸ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಆರ್ಡರ್ ಕೊಡಿ. ನಮ್ಮ ಕ್ಯಾಮೆರಾ ಕೆಲಸ ಮಾಡುವುದು 8ರಿಂದ 12 ಮೈಕ್ರೋಮೀಟರ್ ಅವಕೆಂಪು ಪಟ್ಟಿಯಲ್ಲಿ. ಜರ್ಮೇನಿಯಂ ಲೆನ್ಸ್ ದುಬಾರಿ. ಬಿಸಿಯೇರಿದರೆ ಅದರ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಬಹಳ ಬದಲಾಗಿ ಫೋಕಸ್ ಜಾರುತ್ತದೆ. ಚಾಲ್ಕೋಜನೈಡ್ ಎಂದರೆ ಗಂಧಕ, ಸೆಲೆನಿಯಂನಂಥ ಧಾತು ಬೆರೆತ ಗಾಜುಗಳ ಒಟ್ಟು ಹೆಸರು. ಆದ್ದರಿಂದ ಅದರಲ್ಲೂ ಜರ್ಮೇನಿಯಂ, ಆರ್ಸೆನಿಕ್, ಸೆಲೆನಿಯಂ ಬೆರೆತ ಗಾಜೇ ಬೇಕೆಂದು ಸ್ಪಷ್ಟವಾಗಿ ಬರೆದು ಕೇಳಿದ್ದೆವು. ಮಾರಾಟಗಾರರು ಒಪ್ಪಿದರು, ಪೂರ್ತಿ ಹಣ ಮುಂಚಿತವಾಗಿ ಪಡೆದರು, ಗಾಜು ಎಷ್ಟು ಕಿರಣ ದಾಟಿಸುತ್ತದೆ ಎಂದು ತೋರಿಸುವ, ಶೇಕಡಾ 95ರ ಮೇಲೆ ನೆಟ್ಟಗೆ ಓಡುವ ಗೆರೆಯ ಗ್ರಾಫ್ ಒಂದನ್ನು ಕಳಿಸಿದರು.

ಬಂದ ಲೆನ್ಸನ್ನು ಟಾರ್ಚಿನ ಮುಂದೆ ಹಿಡಿದಾಗ ಆಚೆ ಬದಿಯಲ್ಲಿ ಕಡುಗೆಂಪು ಬೆಳಕು ಕಂಡಿತು. ನಾವು ಕೇಳಿದ್ದ ಗಾಜು ಬರಿಗಣ್ಣಿಗೆ ಕಪ್ಪು. ಹೀಗೆ ಕೆಂಪಾಗಿ ಹೊಳೆಯುವುದು ಆರ್ಸೆನಿಕ್ ಮತ್ತು ಗಂಧಕದ ಗಾಜು. ಅದು ಕೆಟ್ಟ ಗಾಜೇನಲ್ಲ, 3ರಿಂದ 5 ಮೈಕ್ರೋಮೀಟರ್ ಪಟ್ಟಿಗೆ ಚೆನ್ನಾಗಿಯೇ ಒದಗುತ್ತದೆ. ಆದರೆ ಗಂಧಕ ಸೆಲೆನಿಯಂಗಿಂತ ಹಗುರವಾದ್ದರಿಂದ ಅದರ ಬಂಧಗಳು ಹೆಚ್ಚು ವೇಗದಲ್ಲಿ ಕಂಪಿಸುತ್ತವೆ, 8 ಮೈಕ್ರೋಮೀಟರ್ ದಾಟಿದ ಮೇಲೆ ಗಾಜು ತಾನೇ ಕಿರಣವನ್ನು ನುಂಗತೊಡಗುತ್ತದೆ. ನಮಗೆ ಬೇಕಾದ ಪಟ್ಟಿ ಶುರುವಾಗುವುದೇ ಅಲ್ಲಿಂದ! ಸೂಚ್ಯಂಕವೂ 2.5ರ ಬದಲು ಸುಮಾರು 2.38 ಆಗಿದ್ದರಿಂದ ನಾಭಿದೂರ ಸುಮಾರು ಶೇಕಡಾ 9ರಷ್ಟು ಹೆಚ್ಚಿತು. ಯೋಜನೆಗೆ ಹಣ ಕೊಟ್ಟವರ ಎದುರು ಆ ಮಂಕು ಚಿತ್ರ ತೋರಿಸಿ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಫೋನ್ ಮಾಡಿದರೆ ಬಂದ ಉತ್ತರ: "ನೀವು ಕೇಳಿದ್ದು ಚಾಲ್ಕೋಜನೈಡ್, ನಾವು ಕೊಟ್ಟಿದ್ದೂ ಚಾಲ್ಕೋಜನೈಡೇ ಸರ್." ಬಿಲ್ಲು ತೆಗೆದು ನೋಡಿದರೆ ಅದರಲ್ಲಿ ಇದ್ದದ್ದೂ ಅಷ್ಟೇ. ನಮ್ಮ ಪತ್ರದಲ್ಲಿದ್ದ ಮೂರು ಧಾತುಗಳ ಹೆಸರು ಅಲ್ಲಿ ಮಾಯವಾಗಿತ್ತು.

ಹಾಗಾದರೆ ಆ 95 ಎಲ್ಲಿಂದ ಬಂತು ಎಂದು ಕೇಳಿದೆ. "ಅದು ಆಂತರಿಕ ಟ್ರಾನ್ಸ್‌ಮಿಷನ್ ಸರ್, ಮೇಲ್ಮೈ ಪ್ರತಿಫಲನ ಬಿಟ್ಟು ಲೆಕ್ಕ ಹಾಕಿದ್ದು" ಎಂದರು, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ. ಸೂಚ್ಯಂಕ 2.5 ಇರುವ ಗಾಜಿನ ಪ್ರತಿ ಮೇಲ್ಮೈಯಲ್ಲೂ ಶೇಕಡಾ 18ರಷ್ಟು ಬೆಳಕು ಹಿಂದಿರುಗುತ್ತದೆ. ಪ್ರತಿಫಲನ ತಡೆಯುವ ಕೋಟಿಂಗ್ ಇಲ್ಲದ ಎಷ್ಟೇ ಶುದ್ಧ ಗಾಜಾದರೂ ಒಟ್ಟು ಶೇಕಡಾ 69ರ ಮೇಲೆ ದಾಟಿಸಲಾರದು. ಅದಕ್ಕಿಂತ ಹೊಟ್ಟೆ ಉರಿಸಿದ್ದು ತರಂಗದೂರ ತೋರಿಸುವ ಗ್ರಾಫಿನ ಅಡ್ಡ ಅಕ್ಷ. ಅದು 8 ಮೈಕ್ರೋಮೀಟರ್‌ಗೇ ಮುಗಿದಿತ್ತು, ಗೆರೆ ಕುಸಿಯಬೇಕಾದ ಜಾಗಕ್ಕೆ ಸರಿಯಾಗಿ.

ಕೊನೆಗೆ, "ಕೋಟಿಂಗ್ ಮಾಡಿಸಿ, ಸರಿಹೋಗುತ್ತದೆ, ಅದಕ್ಕೆ ಬೇರೆ ಚಾರ್ಜ್" ಎಂದರು. ಕೋಟಿಂಗ್ ಪ್ರತಿಫಲನವನ್ನು ತಗ್ಗಿಸೀತು, ಗಾಜಿನ ಒಡಲೇ ನುಂಗಿದ ಕಿರಣವನ್ನು ಎಲ್ಲಿಂದ ತಂದೀತು? ಇದನ್ನು ಹೇಳಿದ ಮೇಲೆ, ಪ್ಯಾಕ್ ಬಿಚ್ಚಿದ ಲೆನ್ಸ್ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಒಂದು ಸಾಲು ಬಂತು, ಅಷ್ಟೇ.

ಬಿಲ್ಲಿನಲ್ಲಿ ಧಾತುಗಳ ಪ್ರಮಾಣ ಬರೆಸಿಕೊಳ್ಳಿ. ಅದೇ ಬ್ಯಾಚಿನ ಗಾಜಿನ ದಪ್ಪ ಮತ್ತು ಕೋಟಿಂಗ್ ವಿವರದೊಂದಿಗೆ 14 ಮೈಕ್ರೋಮೀಟರ್‌ವರೆಗಿನ ಅಳತೆಯ ಗ್ರಾಫ್ ಕೇಳಿ, 4.5ರ ಬಳಿ ತಗ್ಗಿದ್ದರೆ ಹೈಡ್ರೋಜನ್, 12.8ರ ಬಳಿ ತಗ್ಗಿದ್ದರೆ ಆಕ್ಸಿಜನ್ ಸೇರಿಕೊಂಡಿದೆ ಎಂದರ್ಥ. ಕೊಡಲು ಹಿಂಜರಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನಮ್ಮ ಹಣ ಇನ್ನೂ ಬಂದಿಲ್ಲ. ಅವರು ಕಳಿಸಿದ ಹೊಸ ಕ್ಯಾಟಲಾಗ್ ಮಾತ್ರ ಬಂದಿದೆ, ಅದರಲ್ಲೂ ಅಡ್ಡ ಅಕ್ಷ 8ಕ್ಕೇ ನಿಂತಿದೆ.