ಊರಿನ ಹಾಗಿರುವ ಚರ್ಚ್ ಹುಡುಕುವವರಿಗೆ: ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾ

ನಾನು ಕನಕಪುರ ಕಡೆಯ ಹಾರೋಬೆಲೆಯವಳು, ಅದು ಕ್ರೈಸ್ತರೇ ಹೆಚ್ಚಿರುವ ಹಳ್ಳಿ. ನಮ್ಮಲ್ಲಿ ಊರೇ ಧರ್ಮಕೇಂದ್ರ, ಅಂದರೆ ಒಂದೇ ಚರ್ಚ್‌ಗೆ ಸೇರಿದ ಜನ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರಿಗೆ ಹುಷಾರಿಲ್ಲ ಅನ್ನುವುದು ಪೂಜೆ ಮುಗಿದು ಅಂಗಳ ದಾಟುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಹತ್ತಿರದ ಚರ್ಚ್ ಹೊಸದು, ಚೆನ್ನಾಗಿದೆ. ಆದರೆ ಕೊನೆಯ ಆಶೀರ್ವಾದ ಆಗುವ ಮೊದಲೇ ಜನ ಕಾರಿನ ಕೀಲಿ ಕೈಗೆ ತೆಗೆದುಕೊಂಡಿರುತ್ತಾರೆ. ಪಕ್ಕದಲ್ಲಿ ಕೂತವರ ಹೆಸರೂ ಗೊತ್ತಿಲ್ಲ. ಊರಿನ ಥರದ ಚರ್ಚ್ ಎಲ್ಲಿದೆ ಅಂತ ಕೇಳುವವರಿಗೆ ನಾನು ಹೇಳುವುದು ಶಿವಾಜಿನಗರದ ಬಸಿಲಿಕಾ.

ಆಶ್ಚರ್ಯ ಅನ್ನಿಸಬಹುದು. ಸುತ್ತ ಈಗ ಮನೆಗಳಿಗಿಂತ ಅಂಗಡಿಗಳೇ ಜಾಸ್ತಿ. ಆ ಕಡೆ ರಸೆಲ್ ಮಾರ್ಕೆಟ್, ಈ ಕಡೆ ಬಸ್ ನಿಲ್ದಾಣ, ಸಾಲದ್ದಕ್ಕೆ ಮೆಟ್ರೊ ಕೆಲಸ. ಆದರೆ ಇಲ್ಲಿ ಜನ ಬಂದು ಹೋಗುವುದು ಹೊಸದಲ್ಲ. ಈ ಜಾಗವನ್ನು ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಕಾಲದಲ್ಲಿ, 1818ರಲ್ಲಿ, ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಇಲ್ಲಿ ಚಿಕ್ಕದೊಂದು ದೇವಾಲಯ ಕಟ್ಟಿಸಿದ್ದರು. ಈಗಿನ ಎತ್ತರದ ಗೋಪುರದ ಚರ್ಚ್ 1882ರದ್ದು. 1898ರಲ್ಲಿ ಪ್ಲೇಗ್ ಬಂತು. ಆಮೇಲೆ ದಂಡು ಪ್ರದೇಶದ ಇಕ್ಕಟ್ಟು ತಪ್ಪಿಸಲು ಫ್ರೇಜರ್ ಟೌನ್‌ನಂಥ ಬಡಾವಣೆಗಳು ಎದ್ದವು. ಜನ ದೂರ ಹೋದರೂ ಪೂಜೆಗೆ ಇಲ್ಲಿಗೆ ಬರುವುದನ್ನು ಎಷ್ಟೋ ಮನೆಯವರು ಬಿಡಲಿಲ್ಲ.

ಈಗಲೂ ಹಾಗೆಯೇ. ಕನ್ನಡ ಪೂಜೆಗೆ ನನ್ನ ಬೆಂಚಿನಲ್ಲಿ ಕೂರುವ ಅಜ್ಜಿ ಬಿಎಂಟಿಸಿ ಬಸ್ಸಿನಲ್ಲಿ ಕೆ.ಆರ್. ಪುರದಿಂದ ಬರುತ್ತಾರೆ. ಮಕ್ಕಳ ಜ್ಞಾನಸ್ನಾನ (ಬ್ಯಾಪ್ಟಿಸಮ್), ಮದುವೆ ಎಲ್ಲ ಇಲ್ಲೇ ಆಗಿದ್ದಂತೆ. ಜಪಸರದ ಮಣಿಗಳು ಸವೆದು ನುಣುಪಾಗಿವೆ. ದಾರ ಮಾತ್ರ ಹೊಸದು, ನೀಲಿ ನೈಲಾನ್. ಮೊದಲ ಸಲ ನೋಡಿದಾಗಲೇ "ಯಾವ ಊರವ್ವ? ಯಾರ ಮಗಳು?" ಅಂದರು. ಒಂದು ವಾರ ನಾನು ಹೋಗಿರಲಿಲ್ಲ. ಮುಂದಿನ ವಾರ, "ಕಾಣಲೇ ಇಲ್ವಲ್ಲ, ಮಗೂಗೆ ಹುಷಾರಿರಲಿಲ್ವಾ?" ಎಂದು ಕೇಳಿದರು. ನನಗೆ ಬೇಕಿದ್ದದ್ದು ಇದೇ. ನಾವು ಬರದಿದ್ದರೆ ಯಾರಿಗಾದರೂ ಗೊತ್ತಾಗಬೇಕು, ಅಲ್ವಾ?

ಇಲ್ಲಿನ ಮರಿಯಮ್ಮನವರ ಹಬ್ಬದ ಬಗ್ಗೆ ಎಲ್ಲರಿಗೂ ಗೊತ್ತು. ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ತೇರು. ಕಾವಿ ಸೀರೆ ಉಟ್ಟ ಹೆಂಗಸರು, ಸೀರೆ ಉಟ್ಟ ಮಾತೆ, ಜಾತಿ ಧರ್ಮ ಕೇಳದೆ ಮೇಣದಬತ್ತಿ ಹಿಡಿದು ನಿಂತ ಜನ. ಒಮ್ಮೆ ಖಂಡಿತ ನೋಡಿ. ಆದರೆ ಎಂಟನೇ ತಾರೀಖು ಎಳೆ ಮಕ್ಕಳನ್ನು ಕರೆತರಬೇಡಿ, ಕಾಲಿಡಲು ಜಾಗವಿರುವುದಿಲ್ಲ. ಜೊತೆಗೆ, ಆ ನೂಕುನುಗ್ಗಲಲ್ಲಿ ಯಾರ ಪರಿಚಯವೂ ಆಗುವುದಿಲ್ಲ. ಪರಿಚಯ ಬೇಕಿದ್ದರೆ ಹಬ್ಬವಿಲ್ಲದ ದಿನಗಳಲ್ಲಿ ಬನ್ನಿ, ಒಂದೇ ಹೊತ್ತಿನ ಪೂಜೆಗೆ ಬನ್ನಿ, ಒಂದೇ ಕಡೆ ಕೂತುಕೊಳ್ಳಿ.

ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳ ಹೊತ್ತು ಬೇರೆ ಬೇರೆ, ಬೋರ್ಡ್ ನೋಡಿಕೊಳ್ಳಿ. ಕಾರು ತರಬೇಡಿ, ಬಸ್ ನಿಲ್ದಾಣದಿಂದ ನಡೆದೇ ಬರಬಹುದು. ಇನ್ನೊಂದು ಮಾತು: ಇಲ್ಲಿಗೆ ಬಂದರೂ ನಿಮ್ಮ ಮನೆ ಹತ್ತಿರದ ಚರ್ಚ್‌ನಲ್ಲಿ ಹೆಸರು ಬರೆಸಿರಿ. ಬೇರೆ ಕಡೆ ಮಗುವಿನ ಜ್ಞಾನಸ್ನಾನ ಮಾಡಿಸುವುದಾದರೆ ನೀವು ಹೆಸರು ಬರೆಸಿದ ಚರ್ಚ್‌ನ ಫಾದರ್ ಕೊಡುವ ಪತ್ರ ಕೇಳುತ್ತಾರೆ.