ಕ್ವಿನೋವಾ: ಅನ್ನದ ಹಾಗೋ, ಉಪ್ಪಿಟ್ಟೋ, ಖಿಚಡಿಯೋ?

ಕಲಬುರಗಿಯ ಅಕ್ಕ ಒಬ್ಬರು ಕೇಳಿದ್ದಾರೆ: ಅರ್ಧ ಕೆಜಿ ಕ್ವಿನೋವಾ ತಂದಿದ್ದೇನೆ, ಹೇಗೆ ಮಾಡಲಿ?

ಕ್ವಿನೋವಾ ಅಂದರೆ ಸಿರಿಧಾನ್ಯದ ಹಾಗೆ ಬೇಯಿಸಿ ತಿನ್ನುವ ಸಣ್ಣ ಕಾಳು. ಹೇಗೆ ಮಾಡಿದರೂ ಮೊದಲು ಸಣ್ಣ ತೂತಿನ ಜರಡಿಯಲ್ಲಿ ಚೆನ್ನಾಗಿ ತೊಳೆಯಿರಿ. ಕಾಳಿನ ಮೇಲಿನ ಸಪೋನಿನ್ ಅನ್ನೋ ಕಹಿ ಅಂಶ ಉಳಿದರೆ ಅಡುಗೆಯೂ ಕಹಿ. ನಾನು ಮೊದಲ ಸಲ ಸುಮ್ನೆ ನೀರು ಬಗ್ಗಿಸಿದ್ದೆ, ಮನೆಯಲ್ಲಿ ಯಾರೂ ಎರಡನೇ ತುತ್ತು ಮುಟ್ಟಲಿಲ್ಲ.

ಕೆಲಸ ಕಡಿಮೆ ಇರಬೇಕಾ? ಅನ್ನದ ಹಾಗೆ ಮಾಡಿ. ಒಂದು ಲೋಟಕ್ಕೆ ಎರಡು ಲೋಟ ನೀರು, ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ. ಕಾಳಿನಿಂದ ಬಿಳಿ ಎಳೆ ಬಿಚ್ಚಿಕೊಂಡರೆ ಬೆಂದಿದೆ ಅಂತ ಅರ್ಥ. ಪುಂಡಿ ಪಲ್ಯ, ಶೇಂಗಾ ಹಿಂಡಿ ಜೊತೆ ಚೆನ್ನಾಗಿರುತ್ತದೆ. ಜೋಳದ ರೊಟ್ಟಿ ಇಲ್ಲದೆ ಊಟವೇ ಅಲ್ಲ ಅನ್ನುವವರನ್ನು ಒಪ್ಪಿಸೋದು ಮಾತ್ರ ಕಷ್ಟ.

ಡಬ್ಬಿಗೆ ಉಪ್ಪಿಟ್ಟು ವಾಸಿ. ಆರಿದರೂ ರವೆ ಉಪ್ಪಿಟ್ಟಿನಷ್ಟು ಗಟ್ಟಿಯಾಗುವುದಿಲ್ಲ. ಒಗ್ಗರಣೆ, ಈರುಳ್ಳಿ ಅಂತ ಬೆಳಿಗ್ಗೆ ಹತ್ತು ನಿಮಿಷ ಜಾಸ್ತಿ ಬೇಕು, ಅಷ್ಟೇ.

ಖರ್ಚಿನ ಮಾತು ಬಂದರೆ ಖಿಚಡಿ. ಕ್ವಿನೋವಾ ಅಕ್ಕಿಗಿಂತ ತುಂಬಾ ದುಬಾರಿ ಅಲ್ವಾ? ಅರ್ಧ ನಮ್ಮ ಕಲಬುರಗಿ ತೊಗರಿ ಬೇಳೆ ಸೇರಿಸಿದರೆ ಪ್ಯಾಕೆಟ್ ಹೆಚ್ಚು ದಿನ ಬರುತ್ತದೆ. 2019ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆಗೆ ಸಿಗುವ ಭೌಗೋಳಿಕ ಗುರುತು) ಪಡೆದ ಬೇಳೆ ಮನೆಯಲ್ಲೇ ಇರುವಾಗ ಬಿಡೋದ್ಯಾಕೆ? ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಎರಡನ್ನೂ ಕುಕ್ಕರಿಗೆ ಹಾಕಿ. ಕಾಳು ಉದುರುದುರಾಗಿ ಉಳಿಯಲ್ಲ. ಆದರೆ ಹಲ್ಲಿಲ್ಲದ ಅಜ್ಜಿಗೂ ಸಣ್ಣ ಮಕ್ಕಳಿಗೂ ಆ ಮೆತ್ತಗಿನದೇ ಬೇಕು.