ಥೈರಾಯ್ಡ್ ಗಡ್ಡೆಯ ಜೀನ್ ಪರೀಕ್ಷೆ: ಹಿರಿಯ ರೋಗಿಯ ಕಡೆಯಿಂದ ಒಂದು ವಿಮರ್ಶೆ

ಎಪ್ಪತ್ತು ದಾಟಿದ ನಮ್ಮ ದೊಡ್ಡಮ್ಮನವರ ಥೈರಾಯ್ಡ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಬಳಿಕ, ಅದರ ಪ್ಯಾರಾಫಿನ್ ಬ್ಲಾಕನ್ನು (ಮೇಣದಲ್ಲಿ ಹುದುಗಿಸಿಟ್ಟ ತುಣುಕನ್ನು) ಖಾಸಗಿ ಪ್ರಯೋಗಾಲಯವೊಂದರ ಜೀನ್ ಪ್ಯಾನಲ್ ಪರೀಕ್ಷೆಗೆ, ಅಂದರೆ ಹಲವು ಜೀನುಗಳನ್ನು ಒಟ್ಟಿಗೆ ಓದುವ ಪರೀಕ್ಷೆಗೆ, ಕಳುಹಿಸಲಾಯಿತು. ಆ ಸೇವೆಯ ಗುಣದೋಷಗಳು ಇಂಥದೇ ಬೇರೆ ಪರೀಕ್ಷೆಗಳಿಗೂ ಅನ್ವಯಿಸುವುದರಿಂದ ಪ್ರಯೋಗಾಲಯದ ಹೆಸರು ಇಲ್ಲಿ ಮುಖ್ಯವಲ್ಲ.

ಥೈರಾಯ್ಡ್ ಕ್ಯಾನ್ಸರ್ ಸಾಮಾನ್ಯವಾಗಿ ಸೌಮ್ಯವೆಂಬ ಮಾತು ಹಿರಿಯರ ವಿಷಯದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ರೋಗದ ಹಂತವನ್ನು ನಿರ್ಧರಿಸುವ ಪದ್ಧತಿಯೇ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಿಂದೆ 45 ವರ್ಷಕ್ಕಿದ್ದ ಗಡಿಯನ್ನು 2018ರಲ್ಲಿ ಬಳಕೆಗೆ ಬಂದ ಎಂಟನೆಯ ಆವೃತ್ತಿಯಲ್ಲಿ 55ಕ್ಕೆ ಏರಿಸಲಾಯಿತು. ಆದರೆ ವಯಸ್ಸು ಸೂಚನೆಯನ್ನಷ್ಟೇ ಕೊಡುತ್ತದೆ, ಗಡ್ಡೆಯ ಸ್ವಭಾವವನ್ನು ಹೇಳುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಪ್ಯಾಪಿಲರಿ ಬಗೆಯ ಗಡ್ಡೆಗಳಲ್ಲಿ ಬಿ-ರಾಫ್ ಜೀನಿನ ವಿ600ಇ ಎಂಬ ರೂಪಾಂತರ (ಜೀನಿನಲ್ಲಾಗುವ ಬದಲಾವಣೆ) ಬಹಳ ಸಾಮಾನ್ಯವಾದ್ದರಿಂದ, ಅದೊಂದೇ ಕಂಡುಬಂದರೆ ಗಾಬರಿಪಡಬೇಕಾಗಿಲ್ಲ. ಟರ್ಟ್ ಜೀನಿನ ಪ್ರಮೋಟರ್ (ಜೀನನ್ನು ಚಾಲೂ ಮಾಡುವ) ಭಾಗದ ಸಿ228ಟಿ ಅಥವಾ ಸಿ250ಟಿ ರೂಪಾಂತರವೂ ಅದರ ಜೊತೆಗೂಡಿದಾಗ ಚಿತ್ರ ಬದಲಾಗುತ್ತದೆ: ರೋಗ ಮರುಕಳಿಸುವ ಮತ್ತು ಸಾವಿನ ಅಪಾಯ, ಈ ಎರಡು ಜೀನುಗಳಲ್ಲಿ ಒಂದರ ರೂಪಾಂತರ ಮಾತ್ರ ಇದ್ದಾಗಿನದಕ್ಕಿಂತ ಬಹಳ ಹೆಚ್ಚು, ವಿಕಿರಣಶೀಲ ಅಯೋಡಿನ್ ಕೊಡುವ ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಗಡ್ಡೆ ಬಗ್ಗದಿರುವ ಸಂಭವವೂ ಹೆಚ್ಚು. ಟರ್ಟ್ ರೂಪಾಂತರ ವಯಸ್ಸಾದವರಲ್ಲಿಯೇ ಹೆಚ್ಚಾಗಿ ಕಂಡುಬರುತ್ತದೆ.

ಈ ಸೇವೆಯ ದೊಡ್ಡ ಗುಣವಿರುವುದು ಇಲ್ಲಿಯೇ. ಪ್ರೋಟೀನಿಗೆ ಸಂಕೇತ ಕೊಡುವ ಭಾಗಗಳನ್ನಷ್ಟೇ ಓದುವ ಪ್ಯಾನಲ್‌ಗಳಿಗೆ ಅವುಗಳ ಹೊರಗಿರುವ ಪ್ರಮೋಟರ್ ಕಣ್ಣಿಗೆ ಬೀಳುವುದೇ ಇಲ್ಲ. ಈ ಪ್ರಯೋಗಾಲಯವು ಅದನ್ನು ಪ್ರತ್ಯೇಕವಾಗಿ ಓದುತ್ತದೆ. ಬ್ಲಾಕ್ ಸ್ವೀಕರಿಸುವ ಮುನ್ನ ಗಡ್ಡೆಯ ಕೋಶಗಳು ದಟ್ಟವಾಗಿರುವ ಜಾಗವನ್ನು ಪೆಥಾಲಜಿಸ್ಟರಿಂದ ಗುರುತು ಮಾಡಿಸಿ ಕಳುಹಿಸುವಂತೆ ಅಲ್ಲಿನ ಸಿಬ್ಬಂದಿ ಕೇಳಿಕೊಂಡದ್ದೂ ಮೆಚ್ಚತಕ್ಕದ್ದು. ಮೂಳೆಗೆ ಹರಡಿದ ಗಡ್ಡೆಯ ತುಣುಕನ್ನು ಆಮ್ಲದಲ್ಲಿಟ್ಟು ಮೃದುಗೊಳಿಸಿದ್ದರೆ ಅದರಲ್ಲಿನ ಡಿಎನ್‌ಎ ಹಾಳಾಗಿರಬಹುದು ಎಂಬ ಎಚ್ಚರಿಕೆಯನ್ನೂ ಅವರು ಮೊದಲೇ ಕೊಟ್ಟಿದ್ದರು.

ವರದಿಯ ಜೋಡಣೆ ಮಾತ್ರ ನಿರಾಶೆ ತಂದಿತು. ಮೊದಲ ಪುಟದಲ್ಲಿ ಬಿ-ರಾಫ್ ದಪ್ಪಕ್ಷರಗಳಲ್ಲಿ, ಅದಕ್ಕಿರುವ ಔಷಧಗಳ ಹೆಸರಿನೊಂದಿಗೆ ಮೆರೆಯುತ್ತಿತ್ತು. ಟರ್ಟ್ ಎಲ್ಲೋ ಹಿಂದಿನ ಕೋಷ್ಟಕದಲ್ಲಿ ಒಂದು ಸಾಲಾಗಿ ಉಳಿದಿತ್ತು. ಟರ್ಟ್‌ಗೆ ನೇರ ಔಷಧವಿಲ್ಲ ಎಂಬುದೇ ಇದಕ್ಕೆ ಕಾರಣವಿರಬೇಕು. ಆದರೆ ಎಷ್ಟು ಬಿಗಿಯಾಗಿ ತಪಾಸಣೆ ಮುಂದುವರಿಸಬೇಕು ಎಂದು ತೀರ್ಮಾನಿಸುವ ವೈದ್ಯರಿಗೆ, ಎರಡೂ ಒಟ್ಟಿಗಿವೆ ಎಂಬುದೇ ಇಡೀ ವರದಿಯ ಅತಿ ಮುಖ್ಯ ವಾಕ್ಯ. ಔಷಧ ಮಾರುವವರ ಕಣ್ಣಿನಿಂದ ಬರೆದ ವರದಿಯಂತೆ ಅದು ನನಗೆ ತೋರಿತು.

ಅದಕ್ಕಿಂತ ಗಂಭೀರವಾದ ಕೊರತೆ ಸಮಯಕ್ಕೆ ಸಂಬಂಧಿಸಿದ್ದು. ಫಲಿತಾಂಶಕ್ಕೆ ವಾರಗಳೇ ಹಿಡಿದವು. ನಮಗೆ ಅದರಿಂದ ನಷ್ಟವಾಗಲಿಲ್ಲ. ಆದರೆ ಹೆಚ್ಚಾಗಿ ಹಿರಿಯರನ್ನೇ ಕಾಡುವ ಅನಾಪ್ಲಾಸ್ಟಿಕ್ ಎಂಬ ಉಗ್ರ ಬಗೆಯ ಥೈರಾಯ್ಡ್ ಕ್ಯಾನ್ಸರ್ ಕೆಲವೇ ವಾರಗಳಲ್ಲಿ ಶ್ವಾಸನಾಳವನ್ನು ಒತ್ತುವಷ್ಟು ಬೆಳೆಯಬಲ್ಲದು. ಅಂಥ ರೋಗಿ ಪ್ಯಾನಲ್ ವರದಿಗಾಗಿ ಕಾದು ಕೂರುವಂತಿಲ್ಲ. ಬಿ-ರಾಫ್ ವಿ600ಇ ಇರುವ ಅನಾಪ್ಲಾಸ್ಟಿಕ್ ರೋಗಕ್ಕೆ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಜೋಡಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಒಪ್ಪಿದೆ. ಆ ರೂಪಾಂತರವನ್ನು ಅದೇ ಬ್ಲಾಕಿನ ಮೇಲೆ ಬದಲಾದ ಪ್ರೋಟೀನಿಗೆ ಅಂಟುವ ಪ್ರತಿಕಾಯದಿಂದ ಬಣ್ಣ ಹಾಕಿ ಬೇಗನೆ ಪತ್ತೆಹಚ್ಚಬಹುದು, ಪ್ಯಾನಲ್ ಅದರ ಬೆನ್ನಿಗೆ ಬಂದರೆ ಸಾಕು. ಸೇವೆಯ ಮಾಹಿತಿ ಪತ್ರದಲ್ಲಿ ಈ ವಿಷಯದ ಸುಳಿವೂ ಇಲ್ಲ.

ರೆಟ್ ಮತ್ತು ಎನ್‌ಟಿಆರ್‌ಕೆ ಜೀನುಗಳ ಬೆಸುಗೆಗಳನ್ನು (ಒಂದು ಜೀನಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುವುದನ್ನು) ಹುಡುಕಲು ಇಲ್ಲಿ ಆರ್‌ಎನ್‌ಎ ಪರೀಕ್ಷೆಯನ್ನು ಬೇರೆಯಾಗಿ ಕೇಳಬೇಕು. ಬಿ-ರಾಫ್ ಸಿಕ್ಕವರಲ್ಲಿ ಈ ಬೆಸುಗೆಗಳಿರುವುದು ಅಪರೂಪ, ಹಾಗಾಗಿ ನಾವು ಕೇಳಲಿಲ್ಲ. ಆದರೆ ಬಿ-ರಾಫ್ ಸಿಗದೆ ರೋಗ ಮುಂದುವರಿಯುತ್ತಿರುವವರು ಕೇಳಲೇಬೇಕು, ಏಕೆಂದರೆ ಈ ಬೆಸುಗೆಗಳಿಗೆ ಸೆಲ್ಪರ್ಕಾಟಿನಿಬ್, ಲಾರೊಟ್ರೆಕ್ಟಿನಿಬ್‌ನಂಥ ಔಷಧಗಳಿವೆ.

ಗ್ರಂಥಿಯೊಳಗೇ ಉಳಿದಿರುವ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಪ್ಯಾಪಿಲರಿ ಗಡ್ಡೆಗೆ ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದು ವಿರಳ. ಆದರೂ ಥೈರಾಯ್ಡ್ ಕ್ಯಾನ್ಸರ್ ಇರುವ ಪ್ರತಿಯೊಬ್ಬರೂ ಇದನ್ನು ಮಾಡಿಸಬೇಕೆಂದು ಅದೇ ಮಾಹಿತಿ ಪತ್ರ ಹೇಳುತ್ತದೆ. ಆ ಶಿಫಾರಸನ್ನು ನಾನು ಒಪ್ಪಲಾರೆ.